ಟೀವಿ ಮೇಲಿಟ್ಟ ಹಿಟ್ಟು

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಅಡುಗೆಮನೆ ಅಜ್ಜಿಗೆ ಸೇರಿತ್ತು, ನಡುಮನೆ ಅಪ್ಪಾಜಿಗೆ, ಹಿತ್ತಲು ನನಗೆ. ಅಮ್ಮನಿಗೆ ಅಂತ ಒಂದು ಮೂಲೆಯೂ ಇರಲಿಲ್ಲ. ಹಾಗೆಂದು ಅವಳು ಮುಖ ಊದಿಸಿಕೊಂಡು ಕೂರುವ ಪೈಕಿಯಲ್ಲ. ಬೆಳಗಿನಿಂದ ಎಲ್ಲ ಕೋಣೆಗಳಲ್ಲೂ ಕೆಲಸ ಮಾಡುತ್ತಿದ್ದವಳು ಅವಳೇ. ಆದರೆ ಸಾರಿಗೆ ಉಪ್ಪೆಷ್ಟು ಅನ್ನುವುದನ್ನು ಅಜ್ಜಿ ಹೇಳಬೇಕು, ಕಿಟಕಿ ಯಾವಾಗ ತೆರೆಯಬೇಕು ಅನ್ನುವುದನ್ನು ಅಪ್ಪಾಜಿ ಹೇಳಬೇಕು. ಅಜ್ಜಿ ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದವಳು. ಅವಳು ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುವ ತನಕ ಯಾರೂ ಒಲೆ ಹಚ್ಚುವ ಹಾಗಿರಲಿಲ್ಲ. ಮೊಟ್ಟೆಯೆಂಬ ಪದಾರ್ಥ ನಮ್ಮ ಕಾಂಪೌಂಡಿನೊಳಗೆ ಬಂದದ್ದೇ ಇಲ್ಲ. ಬೇಕರಿ ಕೇಕನ್ನು ನಾನು ಗೆಳತಿಯರ ಮನೆಯಲ್ಲಿ ತಿಂದು, ಅಲ್ಲೇ ಬಾಯಿ ಮುಕ್ಕಳಿಸಿ ಮನೆಗೆ ಬರುತ್ತಿದ್ದೆ. ಅಜ್ಜಿಯ ಮೂಗು ಅಷ್ಟು ಚುರುಕಾಗಿತ್ತು.

ಮಹಡಿಯ ಮೇಲೆ ಒಂದು ಕೋಣೆ, ಅದರ ಮುಂದೆ ಬಯಲು ತಾರಸಿ. ಯೋಗ ಕಲಿಯಲು ಮೈಸೂರಿಗೆ ಬಂದು ತಿಂಗಳಾನುಗಟ್ಟಲೆ ಉಳಿಯುವ ಹೊರದೇಶದವರಿಗೆ ಆ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದೆವು. ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ ಅಲ್ಲಿಗೆ ಬಂದವರು ಡೆನ್ಮಾರ್ಕಿನ ಹೆಲ್ಲೆ ಮತ್ತು ಪೋರ್ಚುಗಲ್ಲಿನ ಟೆರೇಸಾ. ಹೆಲ್ಲೆ ನಮ್ಮ ಬಾಗಿಲಿಗೆ ತಲೆ ತಾಗಿಸಿಕೊಳ್ಳುವಷ್ಟು ಎತ್ತರ, ಮಾತು ಕಡಿಮೆ. ಟೆರೇಸಾ ಕುಳ್ಳಿ, ಮೆಟ್ಟಿಲು ಹತ್ತುವಾಗಲೂ ಹಾಡಿಕೊಂಡೇ ಹತ್ತುವವಳು. ಬಂದ ದಿನವೇ ಅಜ್ಜಿ ಅವರಿಬ್ಬರನ್ನೂ ಜಗಲಿಯಲ್ಲಿ ನಿಲ್ಲಿಸಿ, ನನ್ನನ್ನು ದುಭಾಷಿ ಮಾಡಿಕೊಂಡು ವಿಚಾರಣೆ ನಡೆಸಿದಳು.

"ಕೇಳಮ್ಮಿ, ಮೊಟ್ಟೆ ತಿಂತಾರಾ?"

"ತಿಂತಾರಂತೆ ಅಜ್ಜಿ. ಆದ್ರೆ ಇಲ್ಲಿರೋವರೆಗೂ ತಿನ್ನಲ್ವಂತೆ."

"ಅಂಗಾದ್ರೆ ಸರಿ. ತಿನ್ನೋದಿದ್ರೆ ಅವ್ರ ದೇಶಕ್ಕೋಗಿ ತಿನ್ಕೊಳ್ಲಿ ಬುಡು."

ಅಮ್ಮನಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಅವರ ನಡುವೆ ಸ್ನೇಹ ಬೆಳೆದದ್ದು ನನಗೆ ಇವತ್ತಿಗೂ ಸೋಜಿಗ. ಚಳಿಗಾಲದಲ್ಲಿ ಮೂವರೂ ತಾರಸಿಯ ಮೇಲೆ ಚಾಪೆ ಹಾಸಿ ಅವರೆಕಾಯಿ ಬಿಡಿಸುತ್ತಿದ್ದರು. ನೆನೆಸಿದ ಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆಯಿಂದ ಹೊರಗೆ ಹಾರಿಸುವ ವಿದ್ಯೆಯನ್ನು ಹೆಲ್ಲೆ ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಟೆರೇಸಾ ಹಿತುಕಿದ ಕಾಳು ಮಾತ್ರ ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಬೀಳುತ್ತಿತ್ತು. ಅಮ್ಮ ಬಿದ್ದು ಬಿದ್ದು ನಗುವುದನ್ನು ನಾನು ಮೊದಲು ನೋಡಿದ್ದು ಆ ತಾರಸಿಯ ಮೇಲೆ. ಕೆಳಗಿನ ಮನೆಯಲ್ಲಿ ಅವಳು ಹಾಗೆ ನಗುತ್ತಿರಲಿಲ್ಲ. ಅವರಿಗೆ ಅಮ್ಮ ಉಪ್ಸಾರು, ಒಬ್ಬಟ್ಟು ಕಲಿಸಿದಳು. ಅವರು ತಮ್ಮೂರಿನ ತಿಂಡಿಗಳನ್ನು ಕೈಸನ್ನೆಯಲ್ಲೇ ವರ್ಣಿಸಿದರು, ಮಾಡಿ ತೋರಿಸಲು ನಮ್ಮಲ್ಲಿ ಓವನ್ ಎಲ್ಲಿಂದ ಬರಬೇಕು? ಊರಿಗೆ ಹೊರಟಾಗ, ತಿಂಡಿ ಮಾಡುವ ಬಗೆಯನ್ನು ಬಾಯಲ್ಲಿ ಹೇಳಿ, ಕ್ಯಾಸೆಟ್ಟಿಗೆ ತುಂಬಿಸಿ ಕಳಿಸುತ್ತೇವೆಂದು ಇಬ್ಬರೂ ಮಾತು ಕೊಟ್ಟರು. ಹಾಗೆ ಬೇಕೆಂದು ಕೇಳಿದವಳು ಅಮ್ಮನೇ.

"ಕಾಗದ ಬರೆದ್ರೆ ನೀನು ಓದಿ ಹೇಳ್ತೀಯ, ಸರಿ. ಆದ್ರೆ ಅವ್ರ ದನಿ ಕೇಳಿದ್ರೆ ನಂಗೇ ಅರ್ಧ ಅರ್ಥ ಆಗ್ಬುಡುತ್ತೆ ಕಣೇ ನೀಲ."

ಕ್ಯಾಸೆಟ್ಟುಗಳು ಬಂದವು. ಅಪ್ಪಾಜಿ ವಚನ ಕೇಳಲು ಇಟ್ಟುಕೊಂಡಿದ್ದ ಟೇಪ್‌ರೆಕಾರ್ಡರನ್ನು ನಾನೂ ಅಮ್ಮನೂ ಮಹಡಿಗೆ ಹೊತ್ತುಕೊಂಡು ಹೋಗುತ್ತಿದ್ದೆವು. ನನ್ನ ಬೆರಳು ಯಾವಾಗಲೂ ಪಾಜ್ ಗುಂಡಿಯ ಮೇಲೆ. ಒಂದು ವಾಕ್ಯ ಓಡಿಸುವುದು, ನಿಲ್ಲಿಸುವುದು, ನಾನು ಕನ್ನಡದಲ್ಲಿ ಹೇಳುವುದು, ಅಮ್ಮ ಅದನ್ನು ಪಾಠದ ಹಾಗೆ ಒಪ್ಪಿಸುವುದು. ಹೆಲ್ಲೆಯ ಕ್ಯಾಸೆಟ್ಟಿನಲ್ಲಿ ಗ್ರಾಮು, ಡಿಗ್ರಿ, ನಿಮಿಷ ಬಿಟ್ಟು ಒಂದು ಮಾತು ಹೆಚ್ಚಿಗೆ ಇರುತ್ತಿರಲಿಲ್ಲ. ಟೆರೇಸಾಳದು ಇದಕ್ಕೆ ಪೂರ್ತಿ ತಿರುಗುಮುರುಗು. ನಡುವೆ ಹಾಡು, ಹಿಂದೆ ಯಾರದೋ ಕೋಳಿ ಕೂಗುವ ಸದ್ದು. 'ಸ್ವಲ್ಪ ಸಕ್ಕರೆ ಹಾಕು. ನಿಮ್ಮತ್ತೆ ಆ ಕಡೆ ತಿರುಗಿದಾಗ ಇನ್ನೂ ಸ್ವಲ್ಪ ಹಾಕು' ಎಂಬಂಥ ಅಳತೆ. ಮೊಟ್ಟೆ ಇರುವ ಕಡೆಯೆಲ್ಲ ತಾನಾಗಿಯೇ ತೆಗೆದುಹಾಕಿ, ಹಾಲೋ ಮೊಸರೋ ಹೇಳುತ್ತಿದ್ದಳು. ಅವಳು ಹೇಳಿ ಕಳಿಸಿದ ಕೊಬ್ಬರಿ ಬಿಸ್ಕತ್ತನ್ನು ಅಮ್ಮ ದೋಸೆ ಹಂಚಿನ ಮೇಲೆ ಮುಚ್ಚಳ ಮುಚ್ಚಿ ಬೇಯಿಸಿದಳು. ಅದು ಬಿಸ್ಕತ್ತಾಗಲಿಲ್ಲ, ಆದರೆ ಏನೋ ಒಂದು ಆಗಿತ್ತು. ನಾನು ಸ್ಕೂಲಿಗೂ ಒಯ್ದು ತಿಂದೆ.

ನಾನು ಹೈಸ್ಕೂಲು ಸೇರಿದ ವರ್ಷ ಅಪ್ಪಾಜಿಯ ಕಾರ್ಖಾನೆ ಬಾಗಿಲು ಹಾಕಿತು. ಅವರು ಮೇಟಗಳ್ಳಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಹೆಸರು ಶಿವಮಲ್ಲಪ್ಪ, ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಶಿವಣ್ಣ. ಕಬ್ಬಿಣದ ತುಂಡನ್ನು ಕೈಯಲ್ಲಿ ಹಿಡಿದರೆ ಅದರ ದಪ್ಪ ಹೇಳಿಬಿಡುತ್ತಾರೆ ಎಂಬ ಖ್ಯಾತಿ ಅವರಿಗಿತ್ತು, ಆ ಖ್ಯಾತಿಯ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಬಾಗಿಲು ಹಾಕುವ ಸುದ್ದಿ ತಿಂಗಳುಗಳಿಂದ ಗಾಳಿಯಲ್ಲಿತ್ತು. ಅಪ್ಪಾಜಿ ಮಾತ್ರ ನಂಬಿರಲಿಲ್ಲ. ಪಕ್ಕದ ಲೇತಿನ ಸಿದ್ದರಾಜು ಅವರ ಜೀವದ ಗೆಳೆಯ. ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿದಾಗ ಹೋಗಬೇಡವೆಂದು ತಡೆದವರು ಇವರೇ. ಏನೂ ಆಗುವುದಿಲ್ಲ, ನನ್ನ ಮಾತು ನಂಬು ಎಂದಿದ್ದರು. ಸಿದ್ದರಾಜು ನಂಬಿದ, ಆ ಕೆಲಸ ಬಿಟ್ಟುಕೊಟ್ಟ. ಕೆಲವೇ ವಾರಗಳಲ್ಲಿ ಗೇಟಿಗೆ ಬೀಗ ಬಿತ್ತು. ಬೀಗ ಬಿದ್ದ ಮೇಲೆ ಒಂದು ಬೆಳಿಗ್ಗೆ ಸಿದ್ದರಾಜು ನಮ್ಮ ಮನೆಗೆ ಬಂದು ಗೇಟಿನಲ್ಲಿ ನಿಂತು ಕೂಗಿದ. ಅಪ್ಪಾಜಿ ನಡುಮನೆಯಲ್ಲೇ ಕೂತಿದ್ದರು.

"ಇಲ್ಲ ಅನ್ನು," ಎಂದರು ಅಮ್ಮನಿಗೆ.

"ರೀ, ಅಷ್ಟು ದೂರದಿಂದ ಬಂದವ್ರೆ..."

"ಇಲ್ಲ ಅಂತ ಹೇಳು ಅಂದ್ನಲ್ಲ."

ಅಮ್ಮ ಹೊರಗೆ ಹೋಗಿ ಹಾಗೆಯೇ ಹೇಳಿದಳು. ಅದಾದ ಮೇಲೆ ಅಪ್ಪಾಜಿ ಕಾಂಪೌಂಡು ದಾಟಲಿಲ್ಲ. ಮಾತೂ ನಿಂತಿತು. ಬೈಯುವುದು, ಕೂಗಾಡುವುದು ಮಾಡಿದ್ದರೆ ನಮಗೆ ಅರ್ಥವಾಗುತ್ತಿತ್ತು. ಅವರು ಏನೂ ಮಾಡಲಿಲ್ಲ. ಬೆಳಿಗ್ಗೆ ಎದ್ದು ಟೀವಿ ಮುಂದೆ ಕೂತರೆ ಊಟಕ್ಕೂ ಅಲ್ಲಿಯೇ. ಯಾವ ಕಾರ್ಯಕ್ರಮ ಬರುತ್ತಿದೆ ಎಂಬ ಪರಿವೆಯೂ ಇರಲಿಲ್ಲ. ತಮಿಳು ಬಂದರೆ ತಮಿಳು, ಕ್ರಿಕೆಟ್ ಬಂದರೆ ಕ್ರಿಕೆಟ್. ಅಜ್ಜಿ ದೇವರಿಗೆ ಹರಕೆ ಹೊತ್ತಳು. ಸೋದರಮಾವಂದಿರು ಬಂದು ಬುದ್ಧಿ ಹೇಳಿ ಹೋದರು. ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: ಮುಂದೇನು? ಪ್ರತಿ ಸಲವೂ ಅಪ್ಪಾಜಿ ಇನ್ನಷ್ಟು ಕುಗ್ಗಿಹೋಗುತ್ತಿದ್ದರು. ಈ ಮನುಷ್ಯ ಹೀಗೆಯೇ ಕೂತು ಮುಗಿದುಹೋಗುತ್ತಾರೆ ಎಂಬ ಭಯ ಅಮ್ಮನ ಮುಖದಲ್ಲಿ ನನಗೆ ಕಾಣುತ್ತಿತ್ತು. ನನಗೂ ಅದೇ ಭಯವಿತ್ತು.

ಅಮ್ಮ ಈ ಕಷ್ಟವನ್ನು ಹೇಳಿಕೊಂಡದ್ದು ಹೆಲ್ಲೆಯ ಹತ್ತಿರ. ತಾರಸಿಯ ಮೇಲೆ ಕೂತು, ಖಾಲಿ ಕ್ಯಾಸೆಟ್ಟು ಹಾಕಿಸಿ, ಕನ್ನಡದಲ್ಲೇ ಬಹಳ ಹೊತ್ತು ಮಾತಾಡಿದಳು. ಅವಳು ಹೇಳಿದ್ದರ ಸಾರವನ್ನು ನಾನು ಕೊನೆಯಲ್ಲಿ ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಸೇರಿಸಿದೆ. ಹೆಲ್ಲೆಯ ಉತ್ತರ ಬಂತು. ಅವಳು ಅಷ್ಟು ಮೆಲ್ಲಗೆ, ಅಷ್ಟು ಹೊತ್ತು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಅವಳ ತಂದೆ ಮೀನು ಹಿಡಿಯುವ ದೋಣಿಯಲ್ಲಿ ಕೆಲಸಕ್ಕಿದ್ದರಂತೆ. ದೋಣಿ ಮಾರಿಹೋದ ವರ್ಷ ಅವರೂ ಹೀಗೆ ಕುರ್ಚಿ ಹಿಡಿದು ಕೂತರಂತೆ. ಆಗ ಅವಳ ತಾಯಿ ಮಾಡಿದ್ದನ್ನು ಹೆಲ್ಲೆ ಹೇಳಿದಳು; ನಾನು ಗುಂಡಿ ಒತ್ತಿ ಒತ್ತಿ ಅಮ್ಮನಿಗೆ ಹೇಳಿದೆ.

"ಏನೂ ಕೇಳ್ಬಾರ್ದಂತೆ ಅಮ್ಮ. ಸಮಾಧಾನಾನೂ ಹೇಳ್ಬಾರ್ದಂತೆ. ವಾರ ವಾರ ಸಿಹಿ ಬನ್ನು ಬೇಯಿಸಿ, ಮನೆಯೆಲ್ಲ ಅದರ ವಾಸನೆ ತುಂಬೋ ಹಾಗೆ ಮಾಡ್ಬೇಕಂತೆ. ಅಷ್ಟೇ ಅಂತೆ."

"ಅಷ್ಟೇನಾ?"

"ಅಷ್ಟೇ. ಅವರಾಗಿ ಎದ್ದು ಬರೋವರೆಗೂ ಕೇಳ್ಬೇಡ ಅಂತ ಎರಡೆರಡು ಸಲ ಹೇಳ್ತಾ ಇದ್ದಾಳೆ."

ಅಮ್ಮ ಇದನ್ನು ವ್ರತ ಹಿಡಿದವಳ ಹಾಗೆ ಹಿಡಿದಳು. ಬೇರೆ ಯಾರಾದರೂ ಹೇಳಿದ್ದರೆ ನಗುತ್ತಿದ್ದಳೋ ಏನೋ. ಸ್ನೇಹಿತೆಯ ದನಿಯಲ್ಲಿ ಅವಳಿಗೆ ಏನು ಕೇಳಿಸಿತೋ, ಅವತ್ತಿನಿಂದ ಅಪ್ಪಾಜಿಗೆ ಒಂದು ಪ್ರಶ್ನೆ ಹಾಕಲಿಲ್ಲ. ಕಾಫಿ ಬೇಕಾ ಅಂತಲೂ ಕೇಳುತ್ತಿರಲಿಲ್ಲ, ತಂದಿಟ್ಟು ಹೋಗುತ್ತಿದ್ದಳು. ನಾನು ಏನಾದರೂ ಕೇಳಲು ಬಾಯಿ ತೆರೆದರೆ ತೋಳು ಚಿವುಟುತ್ತಿದ್ದಳು. ಪರಿಚಯದ ಬೇಕರಿಯವರಿಂದ ಹಿಟ್ಟು ಉಬ್ಬಿಸುವ ಈಸ್ಟ್ ಒಂದು ಪೊಟ್ಟಣ ತಂದಳು. ಮಾರನೆಯ ಬೆಳಿಗ್ಗೆ ಟೇಪ್‌ರೆಕಾರ್ಡರನ್ನು ಅಡುಗೆಮನೆಗೇ ತಂದಿಟ್ಟುಕೊಂಡು ಶುರು ಮಾಡಿದೆವು. ಈಸ್ಟ್ ಜೀವ ಇರುವಂಥದ್ದು, ಬಿಸಿನೀರು ಸುರಿದು ಕೊಂದುಬಿಡಬೇಡ ಎಂದು ಕ್ಯಾಸೆಟ್ಟಿನಲ್ಲಿ ಹೆಲ್ಲೆ ಹೇಳಿದಳು. ನಾನು ಅದನ್ನು ಹಾಗೆಯೇ, ಗಟ್ಟಿಯಾಗಿ ಕನ್ನಡಕ್ಕೆ ಇಳಿಸಿದೆ. ಅದೇ ಗಳಿಗೆಗೆ ಅಜ್ಜಿ ಪೂಜೆ ಮುಗಿಸಿ ಒಳಗೆ ಬಂದಳು.

"ಏನಂದೆ? ಜೀವ ಅದೆಯಾ ಅದ್ರಲ್ಲಿ?"

"ಹೂಂ ಅಜ್ಜಿ. ಹಂಗಂತಾಳೆ."

"ಅದ್ನ ಬೇಯಿಸ್ತೀರಾ?"

ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು.

"ಲಿಂಗ ಕಟ್ಕೊಂಡಿರೋರ ಮನೆ ಕಣವ್ವ ಇದು. ಜೀವ ಇರೋದ್ನ ತಂದು ಒಲೆಗಾಕ್ತೀವಿ ಅಂತೀರಲ್ಲ! ನಾನಿರೋಗಂಟ ಆಗಲ್ಲ."

ಈಸ್ಟಿನ ಪೊಟ್ಟಣ ಹಿತ್ತಲಿಗೆ ಹೋಯಿತು. ಅಮ್ಮ ಅತ್ತೆಗೆ ಎದುರು ಮಾತಾಡಿದವಳಲ್ಲ. ಅವತ್ತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

"ಅತ್ತೆ, ಇದು ನನ್ನ ಚಪಲಕ್ಕಲ್ಲ. ನಿಮ್ಮ ಮಗನಿಗೋಸ್ಕರ."

ಮಗನ ಚಿಂತೆ ಅಜ್ಜಿಯನ್ನೂ ತಿನ್ನುತ್ತಿತ್ತು. ಆದರೆ ಜೀವದ ಪ್ರಶ್ನೆಯನ್ನು ಹಾಗೆಲ್ಲ ಬಿಟ್ಟುಕೊಡುವವಳಲ್ಲ. ಸೋಮವಾರ ಬರುವುದನ್ನೇ ಕಾದು, ಇಳಕಲ್ ಸೀರೆ ಉಟ್ಟು, ಆಟೋ ಹತ್ತಿ ಮಠಕ್ಕೆ ಹೋದಳು. ನಮ್ಮ ಮನೆಯಲ್ಲಿ ಮದುವೆ, ನಾಮಕರಣದಿಂದ ಹಿಡಿದು ಬಾವಿ ತೋಡುವವರೆಗೆ ಎಲ್ಲವನ್ನೂ ಕೇಳುತ್ತಿದ್ದದ್ದು ಅಲ್ಲಿಯೇ. ಈಸ್ಟಿನ ವಿಚಾರ ಹೊತ್ತುಕೊಂಡು ಮಠಕ್ಕೆ ಹೋದ ಮೊದಲ ಭಕ್ತೆ ಮಾತ್ರ ನಮ್ಮಜ್ಜಿಯೇ ಇರಬೇಕು. ಹಿಂತಿರುಗಿದಾಗ ಮುಖ ಒಂಥರಾ ಆಗಿತ್ತು. ಚೊಂಬು ನೀರು ಕುಡಿದು, ಸುಧಾರಿಸಿಕೊಂಡು, ಆಮೇಲೆ ಹೇಳಿದಳು.

"ಸ್ವಾಮಿಗಳು ನಕ್ಬುಟ್ರು. ಮನೇಲಿ ದೋಸೆ ಹಿಟ್ಟು ಉಬ್ಬಲ್ವಾ ತಾಯಿ, ಅದನ್ನ ಉಬ್ಬಿಸೋದೂ ಇಂಥ ಜೀವಾನೇ ಅಂದ್ರು."

"ಹಂಗಾದ್ರೆ ಮಾಡ್ಬೋದಾ ಅತ್ತೆ?"

"ಸ್ವಾಮಿಗಳೇ ಅಂದ್ಮ್ಯಾಕೆ ನಂದೇನದೆ? ಮಾಡ್ಕೊಳ್ಳಿ. ಆದ್ರೆ ನನ್ನ ಅಡುಗೆಮನೇಲಿ ಬ್ಯಾಡ. ಇನ್ನೆಲ್ಲಾದ್ರೂ ಇಟ್ಕೊಳ್ಳಿ."

ಅಜ್ಜಿಯ ಈ ಹಟದ ಮೇಲೆ ಆಗ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವಳಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಅವಳು ಅಡುಗೆಮನೆ ಬಿಟ್ಟುಕೊಟ್ಟಿದ್ದರೆ ಆ ಹಿಟ್ಟು ಒಲೆಯ ಪಕ್ಕದಲ್ಲಿ ತನ್ನ ಪಾಡಿಗೆ ಕೂತು ಉಬ್ಬಿ, ಬೆಂದು, ತಟ್ಟೆಗೆ ಬಂದಿರುತ್ತಿತ್ತು. ಅಪ್ಪಾಜಿ ಅದನ್ನು ಏನೆಂದೂ ನೋಡದೆ ತಿಂದಿರುತ್ತಿದ್ದರು.

ನಾದಿದ ಹಿಟ್ಟನ್ನು ಬೆಚ್ಚಗಿನ ಜಾಗದಲ್ಲಿಟ್ಟು ಎರಡರಷ್ಟು ಉಬ್ಬಲು ಬಿಡಬೇಕೆಂದು ಹೆಲ್ಲೆ ಹೇಳಿದ್ದಳು. ಅಡುಗೆಮನೆ ಬಿಟ್ಟರೆ ನಮ್ಮ ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಬಚ್ಚಲುಮನೆ, ನೀರು ಕಾಯಿಸುವ ಹಂಡೆಯ ಪಕ್ಕ. ಅಮ್ಮ ಪಾತ್ರೆ ಹಿಡಿದು ಆ ಕಡೆ ಹೆಜ್ಜೆ ಇಟ್ಟಳೋ ಇಲ್ಲವೋ, ಅಜ್ಜಿ ಇಡೀ ಬೀದಿಗೆ ಕೇಳಿಸುವ ಹಾಗೆ ಕೂಗಿದಳು.

"ಬಚ್ಚಲಲ್ಲಿ ತಿನ್ನೋ ಹಿಟ್ಟಾ! ಶಿವಶಿವಾ!"

ಅದೂ ನಿಜವೇ. ಅಮ್ಮ ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು ನಡುಮನೆಯಲ್ಲಿ ದಿಕ್ಕು ತೋಚದೆ ನಿಂತಳು. ಆಗ ಅವಳ ಕಣ್ಣು ಟೀವಿಯ ಮೇಲೆ ಬಿತ್ತು. ಬೆಳಗಿನಿಂದ ಓಡುತ್ತಿದ್ದ ಆ ಹಳೇ ಡಬ್ಬದ ನೆತ್ತಿಯನ್ನು, ಮಗುವಿನ ಜ್ವರ ನೋಡುವಂತೆ, ಅಂಗೈಯಲ್ಲಿ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಅದರ ಮೇಲಿದ್ದ ಪ್ಲಾಸ್ಟಿಕ್ ಹೂದಾನಿಯನ್ನು ಕೆಳಗಿಳಿಸಿ, ಹಿಟ್ಟಿನ ಪಾತ್ರೆಯನ್ನಿಟ್ಟು, ಮೇಲೊಂದು ಸ್ಟೀಲ್ ತಟ್ಟೆ ಮುಚ್ಚಿ, ಒಂದು ಮಾತೂ ಆಡದೆ ಒಳಗೆ ಹೋದಳು. ನಾನು ಬಾಗಿಲ ಬಳಿ ಹೋಮ್‌ವರ್ಕ್ ಹರಡಿಕೊಂಡು ಕೂತೆ. ಟೀವಿಯಲ್ಲಿ ಯಾರೋ ವ್ಯವಸಾಯದ ಬಗ್ಗೆ ಮಾತಾಡುತ್ತಿದ್ದರು. ಬಹಳ ಹೊತ್ತಾದ ಮೇಲೆ ತಲೆ ಎತ್ತಿದಾಗ ಅಪ್ಪಾಜಿಯ ಕಣ್ಣು ಪರದೆಯ ಮೇಲಿರಲಿಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ನೆಟ್ಟಿತ್ತು. ಪಾತ್ರೆಯ ಮೇಲಿನ ತಟ್ಟೆ ಒಂದು ಪಕ್ಕಕ್ಕೆ ವಾಲಿತ್ತು. ಅವರು ಮುಂದಕ್ಕೆ ಬಾಗಿದರು. ಎದ್ದರು. ಹತ್ತಿರ ಹೋಗಿ, ಪಾತ್ರೆಯ ಅಂಚಿಗೂ ತಟ್ಟೆಗೂ ನಡುವಿನ ಸಂದಿಯನ್ನು, ಲೇತ್ ಮೇಲಿನ ತುಂಡು ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ ನೋಡಿದರು.

"ಲೇ, ಇಲ್ನೋಡ್ಬಾ," ಎಂದು ಒಳಗೆ ಕೂಗಿದರು. "ತಟ್ಟೇನೇ ಎತ್ಬುಟ್ಟಿದೆ ಕಣೇ ಇದು!"

ಅವರಾಗಿಯೇ ಬಾಯಿ ಬಿಟ್ಟು ಯಾರನ್ನಾದರೂ ಕರೆದು ಎಷ್ಟು ಕಾಲವಾಗಿತ್ತು! ಅಮ್ಮ ಓಡಿ ಬಂದಳು. ಹೆಲ್ಲೆ ಹೇಳಿದ್ದನ್ನು ಮರೆಯದೆ, 'ಹೌದಲ್ಲಾ' ಅಂತಷ್ಟೇ ಅಂದು ಪಾತ್ರೆ ಎತ್ತಿಕೊಂಡು ಹೋದಳು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದನ್ನು ನಾನು ನೋಡಿದೆ. ಅಜ್ಜಿಯೂ ನೋಡಿದಳು, ಮತ್ತು ಆ ಹಿಟ್ಟಿನ ಪಾತ್ರೆ ತನ್ನ ಅಡುಗೆಮನೆಯೊಳಗೆ ಬಂದದ್ದರ ಬಗ್ಗೆ ಚಕಾರ ಎತ್ತಲಿಲ್ಲ.

ಮೊದಲ ಸಲ ಬೇಯಿಸಿದ್ದು ಹಿತ್ತಲಲ್ಲಿ, ಸೀಮೆಎಣ್ಣೆ ಸ್ಟವ್ ಮೇಲೆ. ಹಳೇ ಕುಕ್ಕರಿನ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್ಟು, ಸೀಟಿ ತೆಗೆದು ಮುಚ್ಚಿ ಬೇಯಿಸಿದೆವು. ಬನ್ನು ಕೆಳಗೆ ಇದ್ದಿಲು, ಮೇಲೆ ಬಿಳಿ ಬಿಳಿ. ಆದರೂ ವಾಸನೆ ಮಾತ್ರ ಮನೆ ತುಂಬಿತು. ಹೆಲ್ಲೆಯ ಬನ್ನಿಗೆ ಬೀಳುವುದು ಏಲಕ್ಕಿ. ನಮ್ಮ ಪಾಯಸಕ್ಕೆ ಹಾಕುವ ಅದೇ ಏಲಕ್ಕಿಯನ್ನು ಕಡಲಾಚೆಯ ಆ ಚಳಿ ದೇಶದವರೂ ಕುಟ್ಟಿ ಹಿಟ್ಟಿಗೆ ಹಾಕುತ್ತಾರೆಂದು ನಮಗೆ ಗೊತ್ತೇ ಇರಲಿಲ್ಲ. ಅಜ್ಜಿ ಜಪ ಮಾಡುತ್ತ ಕೂತಿದ್ದವಳು ಮೂಗರಳಿಸಿದಳು, ತಡೆದುಕೊಂಡಳು, ಕೊನೆಗೆ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಏಲಕ್ಕಿ ಆಕಿದ್ದೀರಾ?"

"ಹೂಂ ಅತ್ತೆ. ಅವ್ರ ಕಡೆ ಹಂಗೇ ಹಾಕ್ತಾರಂತೆ."

"ಅಂಗಾದ್ರೆ ಆ ಉದ್ದನೆ ಹುಡುಗಿ ಮನೆಯೋರು ಒಳ್ಳೇ ಜನಾನೇ. ಒಂದ್ ತತ್ತಾ ಇಲ್ಲಿ."

ಅಪ್ಪಾಜಿ ತಮ್ಮ ಪಾಲಿನ ಬನ್ನನ್ನು ಕರಕಲು ಸಮೇತ ತಿಂದರು. ಇನ್ನೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ, ತಳವನ್ನು ಉಗುರಿನಿಂದ ಕೆರೆದು ನೋಡಿದರು. ಶಾಖ ಬರೀ ಕೆಳಗಿಂದ ಬರುತ್ತಿದೆ, ಮೇಲಿಂದಲೂ ಬರಬೇಕು ಎಂದು, ಯಾರಿಗೆ ಅಂತಿಲ್ಲದೆ ಹೇಳಿದರು. ಮಾರನೆಯ ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವಾಗ ಟೀವಿ ಸುಮ್ಮನಿತ್ತು. ಹಿತ್ತಲಲ್ಲಿ ತಗಡು ಕತ್ತರಿಸುವ ಸದ್ದು ಬರುತ್ತಿತ್ತು. ಎರಡು ಎಣ್ಣೆ ಡಬ್ಬಗಳನ್ನು ಬಿಚ್ಚಿ, ಒಂದರೊಳಗೆ ಒಂದು ಕೂರಿಸಿ, ನಡುವೆ ಮರಳು ತುಂಬಿ, ನೆತ್ತಿಯ ಮೇಲೆ ಕೆಂಡ ಹರಡಲು ಒಂದು ತಟ್ಟೆ, ಮುಂದೆ ಕೀಲು ಹಚ್ಚಿದ ಬಾಗಿಲು. ಹಲವು ದಿನಗಳ ಕೆಲಸ ಅದು. ಬಾಗಿಲ ಅಂಚನ್ನು ಅರದಿಂದ ಉಜ್ಜುವುದು, ಹಾಕುವುದು, ಮತ್ತೆ ತೆಗೆದು ಉಜ್ಜುವುದು. ನನಗೋ ಇದೇನು, ಅದೇನು ಎಂದು ಕೇಳಲು ನಾಲಿಗೆ ತುರಿಸುತ್ತಿತ್ತು, ಅಮ್ಮ ಚಿವುಟಿ ಚಿವುಟಿ ನನ್ನ ತೋಳು ಕೆಂಪಗಾಗಿತ್ತು. ಅವಳು ಸ್ವತಃ ಆ ಕಡೆ ಸುಳಿಯುತ್ತಲೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಕಾಫಿ ಲೋಟವನ್ನು ಒಗೆಯುವ ಕಲ್ಲಿನ ಮೇಲಿಟ್ಟು ಬರುತ್ತಿದ್ದಳು.

ಆ ಓವನ್ನಿನಲ್ಲಿ ಬೆಂದ ಮೊದಲ ಬನ್ನುಗಳು ನಾಲ್ಕೂ ಕಡೆ ಒಂದೇ ಬಣ್ಣಕ್ಕೆ ಬಂದವು. ಬನ್ನಿನ ಮೇಲೆ ಮೊಟ್ಟೆ ಸವರಲು ಹೆಲ್ಲೆ ಹೇಳಿದ್ದಳು. ನಾವು ಹಾಲಿಗೆ ಒಂದು ಚೂರು ಬೆಲ್ಲ ಕದಡಿ ಸವರಿದೆವು. ವಾರಗಳು ಕಳೆದ ಹಾಗೆ ಟೆರೇಸಾಳ ಕೊಬ್ಬರಿ ಬಿಸ್ಕತ್ತು ಕೂಡ ಕೊನೆಗೂ ಬಿಸ್ಕತ್ತಾಯಿತು. ಅಪ್ಪಾಜಿ ಊಟಕ್ಕೆ ನಮ್ಮ ಜೊತೆ ಅಡುಗೆಮನೆಯಲ್ಲಿ ಕೂರತೊಡಗಿದರು. ಕೆಂಡ ಎಷ್ಟು, ಹೊತ್ತು ಎಷ್ಟು ಎಂದು ಅಮ್ಮನ ಜೊತೆ ವಾದ ಮಾಡತೊಡಗಿದರು. ಹೆಲ್ಲೆಯ ಅಳತೆ ಸರಿ ಎಂದು ಅವರು, ಟೆರೇಸಾಳ ಕೈಯಂದಾಜೇ ಸರಿ ಎಂದು ಅಮ್ಮ. ನನಗೆ ಮನೆಯೆಂದರೆ ಇವತ್ತಿಗೂ ಆ ಜಗಳದ ಸದ್ದು. ಕಾರ್ಖಾನೆ ಮತ್ತೆ ತೆರೆಯಲೇ ಇಲ್ಲ. ಮುಂದೆ ಅಪ್ಪಾಜಿ ಬೇಕರಿಗಳಿಗೆ ಟ್ರೇ, ಓವನ್ನಿನ ಬಾಗಿಲು ಮಾಡಿಕೊಡುವ ಶೆಡ್ಡು ಹಾಕಿ ಕೊನೆಯವರೆಗೂ ಅದರಲ್ಲೇ ದುಡಿದರು. ಎಷ್ಟೋ ವರ್ಷಗಳ ಮೇಲೆ ಹೆಲ್ಲೆ ಮೈಸೂರಿಗೆ ಬಂದಾಗ ಹಿತ್ತಲಿನ ಆ ಡಬ್ಬದ ಓವನ್ನಿನ ಬಾಗಿಲನ್ನು ತೆರೆದು, ಮುಚ್ಚಿ, ತೆರೆದು, ಮುಚ್ಚಿ, ಕಣ್ಣೊರೆಸಿಕೊಂಡಳು. ನಮ್ಮನ್ನು ಕಾಪಾಡಿದ್ದು ನೀನು ಎಂದು ನಾನು ಹೇಳಿದೆ. ನಾನೇನು ಮಾಡಿದೆ, ನಮ್ಮಮ್ಮ ಮಾಡಿದ್ದನ್ನು ಹೇಳಿದೆ ಅಷ್ಟೇ ಎಂದಳು. ಆ ಋಣವನ್ನು ಏನು ಕೊಟ್ಟು ತೀರಿಸುವುದೆಂದು ನನಗೆ ಈಗಲೂ ಗೊತ್ತಿಲ್ಲ.

ಆದರೆ ಶೆಡ್ಡಿನ ಮಾತೆಲ್ಲ ಆಮೇಲಿನದು. ಆ ವರ್ಷದ ದಸರಾ ಬರುವ ಹೊತ್ತಿಗೂ ಅಪ್ಪಾಜಿ ಕಾಂಪೌಂಡು ದಾಟಿರಲಿಲ್ಲ. ಮನೆಯೊಳಗೆ ಮಾತು ಬಂದಿತ್ತು, ಊಟ ಬಂದಿತ್ತು. ಬೀದಿಯಲ್ಲಿ ಯಾರಾದರೂ ಶಿವಣ್ಣ ಎಂದು ಕೂಗಿದರೆ ಮಾತ್ರ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಸಿದ್ದರಾಜುವಿನ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವನ ಕೆಲಸ ಕಳೆದವನು ತಾನೇ ಎಂಬ ಮುಳ್ಳು ಅಪ್ಪಾಜಿಯ ಒಳಗೆ ಹಾಗೇ ಇತ್ತು. ಆಯುಧಪೂಜೆಯ ದಿನ ಬಂತು. ಪ್ರತಿ ವರ್ಷ ಆ ದಿನ ಕಾರ್ಖಾನೆಯ ಯಂತ್ರಗಳನ್ನೆಲ್ಲ ಒರೆಸಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಮನೆಮಂದಿಯನ್ನೆಲ್ಲ ಕರೆಸಿ ಸಿಹಿ ಹಂಚುತ್ತಿದ್ದರು. ಈ ಸಲ ಕೆಲಸಗಾರರು ಬೀಗ ಹಾಕಿದ ಗೇಟಿನ ಹೊರಗೇ ಸೇರಿ ಪೂಜೆ ಮಾಡುತ್ತಾರಂತೆ ಎಂಬ ಸುದ್ದಿಯನ್ನು ಹಾಲಿನವನು ಹೇಳಿ ಹೋದ. ಅಪ್ಪಾಜಿ ಕೇಳಿಸಿಕೊಂಡು ಹಿತ್ತಲಿಗೆ ಹೋದರು. ನಾವು ನೋಡುತ್ತಿದ್ದ ಹಾಗೆ ಓವನ್ನಿಗೆ ಕೆಂಡ ಹಾಕಿದರು. ಅಮ್ಮ ಹಬ್ಬಕ್ಕೆಂದು ನಾದಿಟ್ಟಿದ್ದ ಹಿಟ್ಟಿನ ಜೊತೆಗೆ ಇನ್ನಷ್ಟು ತಾವೇ ನಾದಿದರು. ತಟ್ಟೆ ಮೇಲೆ ತಟ್ಟೆ ಬನ್ನು ಬೆಂದವು. ಎಲ್ಲವನ್ನೂ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ತಿಂಗಳುಗಳಿಂದ ಮೂಲೆಯಲ್ಲಿದ್ದ ಸ್ಕೂಟರನ್ನು ವಾಲಿಸಿ ಕಿಕ್ ಮಾಡಿದರು.

"ನೀಲ, ಬಾ. ಡಬ್ಬಿ ಹಿಡ್ಕೊಂಡು ಹಿಂದೆ ಕೂತ್ಕೊ."

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅಮ್ಮನೂ ಕೇಳಲಿಲ್ಲ. ಗೇಟು ತೆರೆದು ಹಿಡಿದು ನಿಂತಳು.

ಕೆಆರ್‌ಎಸ್ ರಸ್ತೆಯಲ್ಲಿ ಹೋಗುವಷ್ಟು ದೂರವೂ ಡಬ್ಬಿ ನನ್ನ ತೊಡೆ ಸುಡುತ್ತಿತ್ತು. ಗೇಟಿನ ಮುಂದೆ ಜನ ಸೇರಿದ್ದರು. ಯಂತ್ರಗಳೆಲ್ಲ ಒಳಗೆ ಉಳಿದದ್ದರಿಂದ ತಮ್ಮ ತಮ್ಮ ಸೈಕಲ್ಲು, ಸ್ಪ್ಯಾನರು, ಟಿಫನ್ ಡಬ್ಬಿಗಳನ್ನೇ ಸಾಲಾಗಿಟ್ಟು ಹೂವು ಹಾಕಿದ್ದರು. ಸಿದ್ದರಾಜು ಸ್ವಲ್ಪ ದೂರದಲ್ಲಿ, ಬಟ್ಟೆ ಚೂರಿನಿಂದ ಯಾರದೋ ಸೈಕಲ್ಲಿನ ಚೈನು ಒರೆಸುತ್ತಿದ್ದ. ಅವನ ಮನೆಯಲ್ಲಿ ಬುದ್ಧನ ಪಟ. ಪೂಜೆಗೆ ಕೈ ಮುಗಿಯುವವನಲ್ಲ, ಆದರೆ ಯಂತ್ರ ಒರೆಸುವುದರಲ್ಲಿ ಪ್ರತಿ ವರ್ಷವೂ ಅವನೇ ಮುಂದು. ಅಪ್ಪಾಜಿ ಸ್ಕೂಟರ್ ನಿಲ್ಲಿಸಿ ಅಲ್ಲಿಯೇ ನಿಂತುಬಿಟ್ಟರು. ಹೆಜ್ಜೆ ಮುಂದೆ ಹೋಗಲೊಲ್ಲದು. ವಾಪಸು ಹೊರಟೇಬಿಡುತ್ತಾರೆ ಅನ್ನಿಸಿ ನನಗೆ ಅಳು ಬಂತು. ಅಷ್ಟರಲ್ಲಿ ಸಿದ್ದರಾಜು ತಲೆ ಎತ್ತಿದ.

"ಎಲ್ಲೋಗ್ಬುಟ್ಟಿದ್ದೆ ಶಿವಣ್ಣ?"

"ಮನೇಲೇ ಇದ್ದೆ ಕಣೋ."

"ಅವತ್ತು ನಾನ್ ಬಂದಾಗ್ಲೂವೆ?"

"ಅವತ್ತೂ ಇದ್ದೆ."

"ಗೊತ್ತಿತ್ತು ಬುಡು. ನಿನ್ನ ಚಪ್ಲಿ ಬಾಗ್ಲಲ್ಲೇ ಇತ್ತಲ್ಲ."

"ನಿನ್ ಕೆಲ್ಸ ಕಳ್ದವನು ನಾನು ಕಣೋ ಸಿದ್ದ. ಯಾವ ಮುಖ ಇಟ್ಕೊಂಡು ಎದ್ರಿಗೆ ಬರ್ಲಿ?"

ಸಿದ್ದರಾಜು ಕೈಯ ಬಟ್ಟೆಯನ್ನು ಸೈಕಲ್ ಸೀಟಿನ ಮೇಲಿಟ್ಟು ಹತ್ತಿರ ಬಂದ.

"ಕಾರ್ಖಾನೆಯೋರು ಗೇಟ್ ಹಾಕಿದ್ರಲ್ಲ, ಅದ್ ಆಗ್ಬುಡ್ತು, ಅನುಭವಿಸ್ದೊ. ನೀನ್ ಬಾಗ್ಲು ಹಾಕ್ಕೊಂಡೆ ನೋಡು, ಅದನ್ನ ತಡ್ಕೊಳಕ್ಕಾಗ್ಲಿಲ್ಲ ಕಣಣ್ಣ."

ಅಪ್ಪಾಜಿ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ತೆಗೆದು ಅವನ ಮುಂದೆ ಹಿಡಿದರು. ಸಿದ್ದರಾಜು ಒಂದು ಬನ್ನು ತೆಗೆದು ಕಚ್ಚಿದ, ಅಗಿದ, ಇನ್ನೊಂದು ತೆಗೆದು ಶರಟಿನ ಜೇಬಿಗೆ ಇಳಿಸಿದ.

"ಇದ್ಯಾರ್ ಮಾಡಿದ್ದು, ಅತ್ಗೆನಾ?"

"ನಾನೇ."

"ನೀನಾ! ಬನ್ರಪ್ಪೋ, ನೋಡ್ಬನ್ನಿ, ನಮ್ಮ ಶಿವಣ್ಣ ಬೇಕರಿ ಇಟ್ಬುಟ್ಟವ್ನೆ!"

ಜನ ಸುತ್ತುವರಿದರು. ಡಬ್ಬಿ ಕೈಯಿಂದ ಕೈಗೆ ಹೋಯಿತು. ಅಪ್ಪಾಜಿ ಆ ಗುಂಪಿನ ನಡುವೆ ನನಗೆ ಕಾಣದ ಹಾಗಾದರು. ಆದರೆ ಅವರ ನಗು ಕೇಳಿಸುತ್ತಿತ್ತು, ಅದನ್ನು ಕೇಳುತ್ತ ನಾನು ಸ್ಕೂಟರಿನ ಪಕ್ಕ ನಿಂತು ಮನಸಾರೆ ಅತ್ತೆ.

ಮನೆಗೆ ಬಂದಾಗ ಅಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಎದ್ದು ನಿಂತು ಖಾಲಿ ಡಬ್ಬಿ ತೆಗೆದುಕೊಂಡಳು. ಎಂದಿನಂತೆ ಏನೂ ಕೇಳದೆ ಒಳಗೆ ತಿರುಗಿದಳು.

"ನಾಳೆ ಸಿದ್ದರಾಜು ಹೆಂಡ್ತಿ ಮಕ್ಳನ್ನ ಕರ್ಕೊಂಡು ಊಟಕ್ಕೆ ಬರ್ತಾನೆ," ಎಂದರು ಅಪ್ಪಾಜಿ, ಚಪ್ಪಲಿ ಬಿಡುತ್ತ.

ಅಮ್ಮ ನಿಂತಳು. ಡಬ್ಬಿಯನ್ನು ನೆಲದ ಮೇಲಿಟ್ಟಳು. ಆಮೇಲೆ ಅಲ್ಲಿಯೇ, ನಡುಮನೆಯ ನಡುವೆ, ಕೇಳಲು ಶುರು ಮಾಡಿದಳು. ಯಾರ್ಯಾರು ಬಂದಿದ್ರು? ಸಿದ್ದರಾಜಣ್ಣ ಏನಂದ್ರು? ಸೊರಗವ್ರಾ? ಬನ್ನು ಎಲ್ಲರಿಗೂ ಸಾಲ್ತಾ? ನೀವು ತಿಂದ್ರಾ? ಅವತ್ತು ಅವ್ರನ್ನ ಹಂಗೇ ಕಳಿಸ್ಬುಟ್ಟೆ ಅಂತ ನನ್ನ ಮೇಲೆ ಬೇಜಾರಿದ್ಯಂತಾ? ನಿಮ್ಗೆ ಅಷ್ಟು ದಿನ ಒಳಗೊಳಗೇ ಏನಾಗಿತ್ತು, ನನ್ ಹತ್ರ ಒಂದ್ ಮಾತು ಹೇಳ್ಬಾರ್ದಿತ್ತಾ? ತಿಂಗಳುಗಳಿಂದ ನುಂಗಿಕೊಂಡಿದ್ದ ಪ್ರಶ್ನೆಗಳನ್ನು ಅಳುತ್ತ, ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತ, ಒಂದರ ಹಿಂದೆ ಒಂದು ಕೇಳಿದಳು. ಅಪ್ಪಾಜಿ ಅವಳ ಎದುರಿಗೆ ನೆಲದ ಮೇಲೆ ಕೂತು, ಒಂದೊಂದಕ್ಕೂ ಉತ್ತರ ಹೇಳಿದರು.